ಮೂವತ್ತೆಂಟು ಕಿಲೋದ ನಾಯಿ

ನನ್ನ ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿ ಕೂತು ರೇವತಿ ಏನು ಕೆಲಸ ಮಾಡುತ್ತಾಳೆ ಎಂದು ಶಹಾಪುರದ ಮಂದಿಗೆ ತಿಳಿಸಿ ಹೇಳುವುದರೊಳಗೆ ನನ್ನ ತಲೆ ಕೆಟ್ಟುಹೋಗುತ್ತಿತ್ತು. ನನ್ನದು ಬಟ್ಟೆ ಅಂಗಡಿ. ಬಂದವರು ಬಟ್ಟೆ ನೋಡುವುದು ಬಿಟ್ಟು ಅದನ್ನೇ ಕೇಳುತ್ತಿದ್ದರು.

"ಹುಡುಗಿ ಏನು ಮಾಡ್ತಾಳ್ರಿ ಪಂಪಣ್ಣ ಸಾಹುಕಾರ್ರ?"

"ಮಂದಿಗಿ ಬಾಡಿಗಿ ಮನಿ ಹುಡುಕಿ ಕೊಡ್ತಾಳ."

"ಹಂಗಾದ್ರ ನಮಗೂ ಒಂದು ನೋಡಾಕ ಹೇಳ್ರಿ. ಬಸ್‌ಸ್ಟ್ಯಾಂಡ್ ಬಾಜೂಕ ಇದ್ರ ಚಲೋ."

ಬಸ್‌ಸ್ಟ್ಯಾಂಡ್ ಬಾಜೂಕ ಅಲ್ಲಪಾ, ಪೋರ್ಚುಗಲ್‌ನಾಗ! ಹೀಗೆಂದರೆ ನಾನು ಚೇಷ್ಟೆ ಮಾಡುತ್ತಿದ್ದೇನೆಂದು ನಗುತ್ತಿದ್ದರು. ನಗಲಿ ಬಿಡಿ.

ರೇವತಿ ನನ್ನ ಮಗಳಲ್ಲ, ನನ್ನ ಬಾಡಿಗೆದಾರನ ಮಗಳು. ಹದಿನಾರು ವರ್ಷದ ಹಿಂದೆ ಅವಳ ಅಪ್ಪ ದೇವಿಂದ್ರ ಕೊಡೇಕಲ್ ಕಡೆಯಿಂದ ಇಲ್ಲಿನ ಶಾಲೆಯೊಂದಕ್ಕೆ ಜವಾನನಾಗಿ ಬಂದ. ನನ್ನ ಕೆಳಗಿನ ಎರಡು ಕೋಣೆ ಕೇಳಿದ. ನಾನು ಲಿಂಗ ಕಟ್ಟಿದವನು. ನೀವು ಯಾವ ಮಂದಿ, ಏನು ಉಣ್ಣುತ್ತೀರಿ, ಎಷ್ಟು ಜನ ಎಂದೆಲ್ಲ ಕೇಳಿದೆ. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಕೇಳಿದ್ದು ಖರೆ. "ಮೂರೇ ಮಂದಿ ಅದೀವ್ರಿ ಸಾಹುಕಾರ್ರ" ಎಂದಳು ಅವನ ಹೆಂಡತಿ ಶಂಕ್ರಮ್ಮ. ನಾಲ್ಕನೆಯ ದಿನ ಟಂಟಂ ಆಟೋದಿಂದ ಒಂದು ಆಡು ಇಳಿಯಿತು.

ಓಣಿಯ ಮಂದಿಯೆಲ್ಲ ಕೂಡುವ ಹಾಗೆ ಕೂಗಾಡಿದೆ. ಗಂಡ ಹೆಂಡತಿ ತಲೆ ತಗ್ಗಿಸಿ ನಿಂತರು. ಹನ್ನೆರಡು ವರ್ಷದ ರೇವತಿ ಮಾತ್ರ ಆಡಿನ ಕೊರಳು ತಬ್ಬಿಕೊಂಡು, "ಭಾಳ ಸಣ್ಣದು ಅದರಿ ಕಾಕಾ, ಜಗಾ ಹತ್ತಂಗಿಲ್ಲ" ಎಂದಳು. ಆಡೋ, ಅವಳ ಎದೆಮಟ್ಟ ಇತ್ತು! ತಿಂಗಳ ಕೊನೆಗೆ ಖಾಲಿ ಮಾಡಿರಿ ಎಂದೆ. ತಿಂಗಳ ಕೊನೆಗೆ ಆಡು ಮರಿ ಹಾಕಿತು. ಹಿತ್ತಲಿಗೆ ಹೋಗಿ ನೋಡಿದರೆ ನನ್ನ ಹೆಂಡತಿ ಗೊಲ್ಲಾಳಮ್ಮ ಅದರ ಮುಂದೆ ಕೂತು ಬಿಸಿ ಗಂಜಿ ಕುಡಿಸುತ್ತಿದ್ದಳು. ನನ್ನ ಬಾಯಿ ಅಲ್ಲಿಗೆ ಬಂದ್ ಆಯಿತು.

ನಮ್ಮ ಕಡೆ ಬಾಡಿಗೆ ಮನೆ ಸಿಗುವುದೇ ಹೀಗೆ. ಬಾಗಿಲಲ್ಲಿ ನಿಂತು ಎಲ್ಲ ಖರೆ ಹೇಳಿದರೆ ಯಾರೂ ಒಳಗೆ ಬಿಡುವುದಿಲ್ಲ. ಮೊದಲು ಸಾಮಾನು ಇಳಿಸಬೇಕು. ಮಾಲೀಕ ನಾಲ್ಕು ದಿನ ಒದರುತ್ತಾನೆ, ಐದನೆಯ ದಿನ ಸುಮ್ಮನಾಗುತ್ತಾನೆ. ಇದು ಇರುವವರಿಗೂ ಗೊತ್ತು, ಕೊಡುವವರಿಗೂ ಗೊತ್ತು.

ರೇವತಿ ಬಿ.ಕಾಂ. ಮುಗಿಸಿ ಯಾದಗಿರಿಗೆ ಎರಡು ವರ್ಷ ದಿನಾ ಬಸ್ಸಿನಲ್ಲಿ ಓಡಾಡಿ ಒಂದು ಆಫೀಸಿನಲ್ಲಿ ದುಡಿದಳು. ಆ ಆಫೀಸು ಮುಚ್ಚಿತು. ಆಮೇಲೆ ಈ ಕಂಪ್ಯೂಟರ್ ಕೆಲಸ ಸಿಕ್ಕಿತು. ಎಲ್ಲೋ ಒಂದು ಸಣ್ಣ ಕಂಪನಿ. ಅದಕ್ಕೆ ಕಟ್ಟಡವಿಲ್ಲ, ಬಾಗಿಲಿಲ್ಲ. ಸಾಹೇಬನೆಂದರೆ ಫೋನಿನಲ್ಲಿ ಬರುವ ಒಂದು ದನಿ, ಅಷ್ಟೆ. ಪರದೇಶದಲ್ಲಿ ತಿಂಗಳುಗಟ್ಟಲೆ ಇರಲು ಹೋಗುವವರಿಗೆ ಕೈಗೆಟಕುವ ಬಾಡಿಗೆಯ ಮನೆ ಹುಡುಕಿ, ಮಾಲೀಕರ ಜೊತೆ ಮಾತಾಡಿ, ಕುದುರಿಸಿ ಕೊಡಬೇಕು. ಕೆಳಗೆ ಮೊಬೈಲ್ ಸಿಗ್ನಲ್ ಸರಿ ಇಲ್ಲವೆಂದು ಮೇಲಿನ ಕೋಣೆ ಕೊಟ್ಟೆ. ಅಂಗಡಿಯಿಂದ ಮಧ್ಯಾಹ್ನ ಊಟಕ್ಕೆ ಬಂದವನು ಚಹಾ ಹಿಡಿದು ಅಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. ಟಿವಿಗಿಂತ ಅದೇ ಚೆನ್ನಾಗಿತ್ತು. ನಾನೂ ಸಮುದ್ರ ನೋಡಿದವನಲ್ಲ, ಅವಳೂ ನೋಡಿಲ್ಲ. ಆದರೆ ಯಾವ ದಂಡೆಯಲ್ಲಿ ಚಳಿಗಾಲಕ್ಕೆ ಬಾಡಿಗೆ ಇಳಿಯುತ್ತದೆ, ಎಲ್ಲಿ ಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ ಎಂಬುದು ಇಬ್ಬರಿಗೂ ಬಾಯಿಪಾಠವಾಗಿತ್ತು.

ಹೋದ ನವೆಂಬರ್‌ನಲ್ಲಿ ಹಿಲ್ಡಾ ಎಂಬ ಹೆಂಗಸಿನ ಕೆಲಸ ಬಂತು. ನಾನು ಹಿಲ್ಡಾಬಾಯಿ ಎನ್ನುತ್ತಿದ್ದೆ. ಜರ್ಮನಿಯವಳು, ಅರವತ್ತನಾಲ್ಕು ವರ್ಷ, ಒಂಟಿ. ಔಷಧದ ಡಬ್ಬಿಯೊಳಗೆ ಮಡಚಿ ಇಡುತ್ತಾರಲ್ಲ ಚೀಟಿ, ಅದರಲ್ಲಿ ತಪ್ಪು ಇದೆಯೇ ಎಂದು ಕಂಪ್ಯೂಟರ್‌ನಲ್ಲಿ ಓದಿ ತಿದ್ದುವುದು ಅವಳ ಕಸುಬು. ಅವಳಿದ್ದ ಕಟ್ಟಡ ಮಾರಾಟವಾಗಿ ತಿಂಗಳ ಕೊನೆಗೆ ಖಾಲಿ ಮಾಡಬೇಕಿತ್ತು. ಆ ಊರಲ್ಲಿ ಬೇರೆ ಮನೆಯ ಬಾಡಿಗೆ ಅವಳಿಂದ ಆಗದ ಮಾತು. ಕೆಲಸ ಕಂಪ್ಯೂಟರ್‌ನಲ್ಲೇ ಇದೆ, ಇಂಟರ್ನೆಟ್ ಇದ್ದಲ್ಲಿ ಬದುಕಬಹುದು. ಆದರೆ ಜೊತೆಗೊಂದು ನಾಯಿ. ಫ್ರಿಡೊ ಅಂತ ಹೆಸರು, ಹದಿಮೂರು ವರ್ಷ, ಮೂವತ್ತೆಂಟು ಕಿಲೋ. ಅದರ ಹಿಂಗಾಲು ಸೋತುಹೋಗಿದ್ದವು. ಟೈಲ್ಸ್ ಮೇಲೆ ಜಾರಿ ಬೀಳುತ್ತದೆ, ಡಾಂಬರಿನ ಮೇಲೆ ನಾಲ್ಕು ಹೆಜ್ಜೆಗೆ ಕೂತುಬಿಡುತ್ತದೆ, ಮರಳಿನ ಮೇಲೆ ಮಾತ್ರ ನಡೆಯುತ್ತದೆ. ಅದಕ್ಕೇ ಸಮುದ್ರದ ದಂಡೆ ಬೇಕು ಎಂದಳು.

"ನಾಯಿಗಿ ಪಾಸ್‌ಪೋರ್ಟ್ ಅದರಿ ಕಾಕಾ" ಎಂದು ರೇವತಿ ತೋರಿಸಿದಳು.

"ನನಗೇ ಇಲ್ಲಲ್ಲವ್ವಾ!"

ಹದಿನೇಳು ದಿನ ಹುಡುಕಿದಳು. ಸಾಕುಪ್ರಾಣಿ ನಡೆಯುತ್ತದೆ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಕೆಳಗೆ ಓದಿದರೆ ಬೆಕ್ಕು ಮಾತ್ರ. ನಾಯಿ ಸರಿ ಎಂದಲ್ಲಿ ಇಂಟರ್ನೆಟ್ ಇಲ್ಲ. ಇಂಟರ್ನೆಟ್ ಇದ್ದಲ್ಲಿ ಮೂರನೆಯ ಮಹಡಿ. ನೆಲಮಹಡಿ ಸಿಕ್ಕಿತು ಎಂದರೆ ಬಾಡಿಗೆ ಮೈಮೇಲೆ ಬರುತ್ತದೆ. ನಾಯಿಗೇ ಬೇರೆ ದುಡ್ಡು, ನಾಯಿ ಕೂದಲು ಉದುರಿಸಿದರೆ ದಂಡ! ನಾನು ಹದಿನಾರು ವರ್ಷದ ಹಿಂದೆ ದೇವಿಂದ್ರನಿಗೂ ಇಷ್ಟು ಕಿರಿಕಿರಿ ಮಾಡಿರಲಿಲ್ಲ.

ಹದಿನೆಂಟನೆಯ ದಿನ ಪೋರ್ಚುಗಲ್‌ನ ಒಂದು ಸಣ್ಣ ಊರಲ್ಲಿ ಮನೆ ಸಿಕ್ಕಿತು. ನೆಲಮಹಡಿ, ಬಾಗಿಲ ಮುಂದೆಯೇ ಮರಳು, ಬಾಡಿಗೆ ಹಿಲ್ಡಾಬಾಯಿ ಹೇಳಿದ್ದರೊಳಗೇ. ಮಾಲೀಕ ಒಂದೇ ಮಾತು ಕೇಳಿದ್ದ: ನಾಯಿ ಎಷ್ಟು ದೊಡ್ಡದು? ಹತ್ತು ಕಿಲೋದೊಳಗಿದ್ದರೆ ಮಾತ್ರ ಕೊಡುತ್ತೇನೆ.

ರೇವತಿ ನನ್ನ ಮುಖ ನೋಡಿದಳು. "ಏನು ಬರೀಲ್ರಿ ಕಾಕಾ?"

ನಾನು ಚಹಾ ಕುಡಿಯುತ್ತಿದ್ದೆ. ನಕ್ಕೆ. "ಸಣ್ಣದು ಅಂತ ಬರಿ. ಒಳಗ ಬಂದವರಿಗಿ ಯಾರು ಹೊರಗ ಹಾಕ್ತಾರ? ನಿಮ್ಮ ಆಡಿಗಿ ನಾ ಹೊರಗ ಹಾಕಿದ್ನೇನು?"

"ಅದು ಬ್ಯಾರೆ ದೇಶ ಅದರಿ."

"ಮನಿ ಮಾಲೀಕ ಎಲ್ಲಾ ಕಡಿ ಒಂದೇ. ನನಗ ಗೊತ್ತಿಲ್ಲೇನು?"

ಅವಳು ಸಣ್ಣ ನಾಯಿ, ಬಹಳ ಸಾಧು ಎಂದು ಬರೆದಳು. ಮಾಲೀಕ ಮನೆ ಕೊಟ್ಟ. ಫ್ರಿಡೊನ ತೂಕ ಹೇಳಿದ್ದೀಯಾ ಎಂದು ಹಿಲ್ಡಾಬಾಯಿ ಕೇಳಿದಾಗ ಎಲ್ಲಾ ಹೇಳಿದ್ದೇನೆ ಎಂದುಬಿಟ್ಟಳು. ಆ ದಿನ ಗೊಲ್ಲಾಳಮ್ಮ ಸಿಹಿ ಸಜ್ಜಕ ಮಾಡಿದಳು. ಎರಡೂ ಮನೆಯವರು ಉಂಡೆವು.

ಹಿಲ್ಡಾಬಾಯಿ ಹಳೆಯ ಕಾರಿನಲ್ಲಿ ಮನೆಯ ಸಾಮಾನು ತುಂಬಿಕೊಂಡು ಮೂರು ದಿನ ತಾನೇ ಓಡಿಸಿಕೊಂಡು ಹೋದಳು. ದಾರಿಯುದ್ದಕ್ಕೂ ಫೋಟೊ ಕಳಿಸಿದಳು. ಹಿಂದಿನ ಸೀಟಿನಲ್ಲಿ ಹಾಸಿಗೆ, ಹಾಸಿಗೆ ಮೇಲೆ ನಾಯಿ, ನಾಯಿಯ ತಲೆ ಕಿಟಕಿಗೆ ಒರಗಿತ್ತು. ನಾಳೆ ಫ್ರಿಡೊ ನಡೆಯುತ್ತಾನೆ ಎಂದು ಕೊನೆಯ ಫೋಟೊದ ಕೆಳಗೆ ಬರೆದಿದ್ದಳು.

ಶನಿವಾರ ಸಂಜೆ ನಾಲ್ಕೂವರೆಗೆ ವಿಡಿಯೊ ಕಾಲ್ ಬಂತು. ಅಲ್ಲಿ ಆಗ ಬೆಳಗಿನ ಹನ್ನೊಂದು. ಫೋನಿನ ತುಂಬ ಸಮುದ್ರ. ಎಷ್ಟು ನೀರು ಶಿವನೇ! ಅದರ ಮುಂದೆ ಅಳುತ್ತ ನಿಂತ ಒಬ್ಬ ಹೆಂಗಸು.

ಮಾಲೀಕ ಬಾಗಿಲಿಗೆ ಅಡ್ಡ ನಿಂತಿದ್ದ. ನನ್ನ ವಯಸ್ಸಿನವನು, ತಲೆಗೆ ಟೊಪ್ಪಿಗೆ, ಬಡಕಲು ಮೈ. ಕೂಗಾಡುತ್ತಿರಲಿಲ್ಲ, ತಲೆಯನ್ನಷ್ಟೇ ಅಡ್ಡ ಆಡಿಸುತ್ತಿದ್ದ. ಅವನ ಹಿಂದೆ ಆರೇಳು ವರ್ಷದ ಮೊಮ್ಮಗಳು ಅಜ್ಜನ ಅಂಗಿ ಹಿಡಿದು ಇಣುಕಿದಳು. ಆ ಮಗುವಿನ ಕಣ್ಣಿನ ಕೆಳಗಿಂದ ತುಟಿಯವರೆಗೆ ಹೊಲಿಗೆಯ ಗುರುತು. ಹೋದ ವರ್ಷ ದೊಡ್ಡ ನಾಯಿಯೊಂದು ಕಚ್ಚಿತ್ತಂತೆ. ಮಗು ಈಗಲೂ ನಿದ್ದೆಯಲ್ಲಿ ಚೀರುತ್ತದಂತೆ. "ನಾನು ಕೇಳಿದ್ದೆ, ಎಷ್ಟು ದೊಡ್ಡದು ಎಂದು ಕೇಳಿದ್ದೆ" ಎಂದು ಹರಕು ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಹೇಳಿ, ರೇವತಿ ಬರೆದದ್ದನ್ನು ತನ್ನ ಫೋನಿನಲ್ಲಿ ತೆಗೆದು ಹಿಲ್ಡಾಬಾಯಿಗೆ ತೋರಿಸಿದ.

ಅವಳು ಓದಿದಳು. ಆಮೇಲೆ ನಮ್ಮ ಕಡೆ ತಿರುಗಿದಳು. "ರೇವತಿ, ಸಣ್ಣದು ಎಂದು ನೀನು ಬರೆದೆಯಾ?"

ರೇವತಿ ನನ್ನ ಕಡೆ ನೋಡಿದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ಮುಖ ಮುಂದೆ ಚಾಚಿದ್ದರೆ ಆ ಹೆಂಗಸಿಗೆ ಕಾಣುತ್ತಿದ್ದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ನಾನೇ ಹೇಳಿದ್ದು ಎಂಬ ಎರಡು ಶಬ್ದ ನನಗೂ ಬರುತ್ತವೆ. ನಾನು ಸ್ಟೂಲನ್ನು ಒಂದು ಮೊಳ ಹಿಂದಕ್ಕೆ ಸರಿಸಿಕೊಂಡೆ.

"ಹೌದು" ಎಂದಳು ರೇವತಿ.

"ಯಾಕೆ?"

ಶಹಾಪುರವನ್ನೂ ಕೊಡೇಕಲ್ಲನ್ನೂ ಆ ಹೆಂಗಸಿಗೆ ಹೇಗೆ ತಿಳಿಸಬೇಕು? "ಒಮ್ಮೆ ನೋಡಿದರೆ ಇರಗೊಡುತ್ತಾರೆ ಅಂದುಕೊಂಡೆ" ಎಂದಳು.

ಹಿಲ್ಡಾಬಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳ ದನಿ ಕೇಳಿ ನಾಯಿ ಏಳಲು ನೋಡಿತು. ಕಾರಿನಿಂದ ಇಳಿಸಿ ಕಲ್ಲುಹಾಸಿನ ಮೇಲೆ ಮಲಗಿಸಿದ್ದಳು. ಮುಂಗಾಲು ಊರಿತು, ಹಿಂಗಾಲು ಬರಲಿಲ್ಲ, ಮತ್ತೆ ಕೂತಿತು. ಮರಳು ಅಲ್ಲಿಂದ ಹತ್ತು ಹೆಜ್ಜೆ. "ಮೂರು ದಿನ ಕಾರು ಓಡಿಸಿದ್ದೇನೆ" ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಕತ್ತಲಾಗುವುದರೊಳಗೆ ರೇವತಿ ಹದಿನಾಲ್ಕು ಮಾಲೀಕರಿಗೆ ಬರೆದಳು, ಫೋನ್ ಮಾಡಿದಳು, ಕೈಮುಗಿದು ಕೇಳಿದಳು. ಕೆಲವರು ಆಗುವುದಿಲ್ಲ ಎಂದರು, ಉಳಿದವರು ಫೋನನ್ನೇ ಎತ್ತಲಿಲ್ಲ. ಶಂಕ್ರಮ್ಮ ಎರಡು ಸಲ ಚಹಾ ತಂದಿಟ್ಟಳು, ಎರಡು ಸಲವೂ ಆರಿದ ಚಹಾ ವಾಪಸ್ ಒಯ್ದಳು. ನಾನು ಅಲ್ಲಿಂದಿಲ್ಲಿಗೆ ತಿರುಗಾಡಿದೆ. ಇದೇ ಯಾದಗಿರಿಯಲ್ಲೋ ಸುರಪುರದಲ್ಲೋ ಆಗಿದ್ದರೆ ಯಾರ ಕೈಕಾಲಾದರೂ ಹಿಡಿದು, ಇಲ್ಲವಾದರೆ ನನ್ನ ಅಂಗಡಿಯಲ್ಲೇ ಚಾಪೆ ಹಾಸಿಕೊಡುತ್ತಿದ್ದೆ. ಅಷ್ಟು ದೂರಕ್ಕೆ ನನ್ನ ಕೈ ಎಲ್ಲಿ ಮುಟ್ಟಬೇಕು?

ಮರುದಿನದಿಂದ ಹಿಲ್ಡಾಬಾಯಿಯ ಫೋನ್ ಬಂದ್. ರೇವತಿ ಕಳಿಸಿದ ಮೆಸೇಜಿಗೆಲ್ಲ ಒಂದೇ ಟಿಕ್ ಗೆರೆ ಬೀಳುತ್ತಿತ್ತು, ಮುಟ್ಟಿತು ಎನ್ನುವ ಎರಡನೆಯದು ಬೀಳಲಿಲ್ಲ. ಸೋಮವಾರ ಕಂಪನಿಯ ಸಾಹೇಬನ ದನಿ ಬಂತು. ಕಟ್ಟಿದ್ದ ದುಡ್ಡನ್ನು ಆ ಹೆಂಗಸಿಗೆ ವಾಪಸ್ ಕಳಿಸಿದ್ದಾರಂತೆ, ಅವಳು ಅದಕ್ಕೂ ಜವಾಬು ಕೊಟ್ಟಿಲ್ಲವಂತೆ. ಒಂದನೇ ತಾರೀಖಿನಿಂದ ನೀನು ಬರುವುದು ಬೇಡ ಎಂದ. ಬರುವುದೇನು, ಅವಳು ಎಲ್ಲಿಗೂ ಹೋಗುತ್ತಲೇ ಇರಲಿಲ್ಲವಲ್ಲ! ಆದರೆ ಅವನದೇನೂ ತಪ್ಪಿಲ್ಲ.

ಕೆಲಸ ಹೋದರೂ ರೇವತಿ ಹುಡುಕುವುದು ಬಿಡಲಿಲ್ಲ. ಬುಧವಾರ ಮಧ್ಯಾಹ್ನ ನನಗೆ ಉಣ್ಣಲಾಗಲಿಲ್ಲ. ಮೇಲೆ ಹೋದೆ.

"ತಂಗಿ, ಆಕಿಗಿ ಬರಿ. ಸುಳ್ಳು ಬರಿ ಅಂತ ಹೇಳಿದಾಂವ ನಾ ಅಂತ ಬರಿ. ನನ್ನ ಹೆಸರು ಹಾಕು."

"ಈಗ ಯಾಕ್ರಿ ಕಾಕಾ?" ಕಂಪ್ಯೂಟರ್‌ನಿಂದ ಕಣ್ಣು ಎತ್ತದೆ ಹೇಳಿದಳು. "ಅವತ್ತ ನೀವು ಸ್ಟೂಲ್ ಹಿಂದಕ ಜಗ್ಗಿಕೊಂಡ್ರಿ. ನಾ ನೋಡೀನಿ."

ಸಿಟ್ಟಿರಲಿಲ್ಲ ಅವಳ ಮಾತಿನಲ್ಲಿ. ನಾನು ಅರವತ್ತೆಂಟು ವರ್ಷದವನು, ಬಜಾರಿನಲ್ಲಿ ನಾಲ್ಕು ಮಂದಿ ಎದ್ದು ನಿಂತು ಮಾತಾಡಿಸುತ್ತಾರೆ. ಅಷ್ಟು ಸಣ್ಣವನಾಗಿ ನಾನು ಯಾವತ್ತೂ ನಿಂತಿರಲಿಲ್ಲ. ಆದರೂ ಅವಳು ನಾನು ಹೇಳಿದ್ದನ್ನು ಬರೆದು ಕಳಿಸಿದಳು. ಅದಕ್ಕೂ ಒಂದೇ ಗೆರೆ.

ಶುಕ್ರವಾರ ಅಂಗಡಿಗೆ ಫೋನ್ ಮಾಡಿ ಕರೆದಳು. ಓಡಿಬಂದೆ. ಅದೇ ದಂಡೆಯಲ್ಲಿ, ಎರಡು ಊರು ಆಚೆ ಒಂದು ಮನೆ. ನೆಲಮಹಡಿ, ಇಂಟರ್ನೆಟ್ ಇದೆ, ಮರಳಿಗೆ ಇಳಿಯಲು ಮೆಟ್ಟಿಲೂ ಇಲ್ಲ, ಬಾಡಿಗೆ ಮೊದಲಿನದಕ್ಕಿಂತ ಕಡಿಮೆ. ಮಾಲೀಕಳು ನಾಯಿಯ ಬಗ್ಗೆ ಕೇಳಿದ್ದಕ್ಕೆ ರೇವತಿ ಒಂದನ್ನೂ ಮುಚ್ಚಿಡದೆ ಬರೆದಿದ್ದಳು: ಮೂವತ್ತೆಂಟು ಕಿಲೋ, ಹದಿಮೂರು ವರ್ಷ, ಹಿಂಗಾಲು ಬರುವುದಿಲ್ಲ, ಎತ್ತಿ ಇಳಿಸಬೇಕು, ಬಹುಶಃ ಇನ್ನು ಹೆಚ್ಚು ದಿನ ಇರುವುದಿಲ್ಲ. ಅದರ ಕೆಳಗೆ ಆ ಮಾಲೀಕಳ ಉತ್ತರ ಬಂದಿತ್ತು. ರೇವತಿ ಓದಿ ಹೇಳಿದಳು: "ನನ್ನ ನಾಯಿ ನಲವತ್ತೈದು ಕಿಲೋ ಇತ್ತು, ಹೋದ ವರ್ಷ ಸತ್ತಿತು. ಕರೆದುಕೊಂಡು ಬರಲು ಹೇಳಿ, ಎತ್ತಲು ನಾನೂ ಕೈ ಹಚ್ಚುತ್ತೇನೆ."

ಇಬ್ಬರೂ ಫೋನಿನ ಕಡೆ ನೋಡಿದೆವು. ವಾರದಿಂದ ಹಿಲ್ಡಾಬಾಯಿಗೆ ಕಳಿಸಿದ್ದೆಲ್ಲ ಒಂದರ ಕೆಳಗೊಂದು, ಎಲ್ಲಕ್ಕೂ ಒಂದೊಂದೇ ಗೆರೆ. ರೇವತಿ ಈ ಮನೆಯ ವಿಳಾಸವನ್ನೂ ಕಳಿಸಿದಳು. ಅದೂ ಅಲ್ಲೇ ನಿಂತಿತು.

"ಯಾರಿಗಿ ಕಳಿಸ್ಲಿರಿ ಕಾಕಾ?" ಎಂದಳು.

ಕಂಪ್ಯೂಟರ್‌ನಲ್ಲಿ ಮತ್ತೊಂದು ಸಾಲು ಮೂಡಿತು. ಯಾವಾಗ ಬರುತ್ತಾರೆ ಎಂದು ಆ ಮಾಲೀಕಳು ಕೇಳುತ್ತಿದ್ದಳು. ನಾಳೆ ಎಂದು ಬರಿ ಎನ್ನಲು ನನ್ನ ಹಾಳು ಬಾಯಿ ತೆರೆದೇಬಿಟ್ಟಿತ್ತು, ಮುಚ್ಚಿಕೊಂಡೆ. ರೇವತಿ ಗೊತ್ತಿಲ್ಲ ಎಂದು ಬರೆದು ಕಳಿಸಿ, ಟೇಬಲ್ ಮೇಲೆ ತಲೆಯಿಟ್ಟು ಅತ್ತಳು.