ಮನಸ್ಸಿನಲ್ಲೇ ಓದಿಕೊಂಡ ಒಂದೇ ಒಂದು ಕಾಗದ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಗ್ರಂಥಾಲಯದ ಹಿಂಬಾಗಿಲ ಬೀಗ ತೆಗೆದು ಒಳಗೆ ಬಂದ ಓದುವಕ್ಕ ಮೊದಲು ಚಪ್ಪಲಿ ಬಿಡುತ್ತಾರೆ. ಆಮೇಲೆ ಗೋಡೆಯ ಗಡಿಯಾರವನ್ನು ಇಳಿಸಿ, ಎಳೆಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಹೋಗಿ ಆಚೆ ಕೋಣೆಯ ಬೆಂಚಿನ ಮೇಲೆ ಮಲಗಿಸಿ ಬರುತ್ತಾರೆ. ಇಲ್ಲೇ ಇದ್ದರೆ ಅದರ ಟಿಕ್ ಟಿಕ್ ಮೈಕಿಗೆ ಕೇಳಿಸುತ್ತದೆ. ಹಳೆಯ ಪತ್ರಿಕೆಗಳ ಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಕಟ್ಟುಗಳು. ಮೂರು ಗೋಡೆಗೂ ಕಾಗದದ ಕಂಬಳಿ ಹೊದಿಸಿದಂತಿದೆ. ನಡುವೆ ಒಂದು ಮೇಜು, ಅದರ ಮೇಲೆ, ಉಸಿರಿನ ಸದ್ದು ತಾಗದಿರಲೆಂದು ಬಸ್ ಡ್ರೈವರ್ ಗಂಡನ ಹಳೆಯ ಕಾಲುಚೀಲ ತೊಟ್ಟ ಮೈಕು. "ಒಗೆದದ್ದೇ ಹಾಕಿದೀನಿ, ಹೆದರಬೇಡಿ" ಎಂದು ಯಾರೂ ಕೇಳದಿದ್ದರೂ ಹೇಳಿ ನಗುತ್ತಾರೆ.

ಒಂದು ಗುಟುಕು ಬಿಸಿನೀರು. ಕಣ್ಣು ಮುಚ್ಚಿ ಅರೆಗಳಿಗೆ ಕೈಮುಗಿಯುವುದು. ನಂತರ ದನಿ ಏಳುತ್ತದೆ: "ಶುಭೋದಯ. ನಾನು ನಿಮ್ಮ ಓದುವಕ್ಕ. ಇವತ್ತಿನದು ಎರಡು ಸಾವಿರದ ಹನ್ನೊಂದನೆಯ ಓದು."

ನೂರ ಎಂಬತ್ತಾರು ಮಂದಿ ಈ ದನಿಗೆ ಕಾಯುತ್ತಾರೆ. ಎಲ್ಲರೂ ಕಣ್ಣಿಲ್ಲದವರು ಅಥವಾ ಕಣ್ಣು ಮಂದವಾದವರು, ಕಿವಿಯಲ್ಲೇ ಲೋಕ ಕಾಣುವವರು. ಅವರಿಗಾಗಿ ಹತ್ತು ನಿಮಿಷ ಅಂದಿನ ಪತ್ರಿಕೆ; ಅದರಲ್ಲಿ ನಲ್ಲಿ ನೀರು ಬಿಡುವ ಹೊತ್ತಿನಿಂದ ತೀರಿಕೊಂಡವರ ಹೆಸರಿನವರೆಗೆ ಎಲ್ಲವೂ ಉಂಟು. ಆಮೇಲೆ ಕೇಳುಗರು ಕಳಿಸಿಕೊಟ್ಟ ನೋಟೀಸು, ಸುತ್ತೋಲೆ. ಕೊನೆಗೆ ಹಳೆಯ ಕಾವ್ಯವೊಂದರ ಇಪ್ಪತ್ತು ಪದ್ಯ, ಅರ್ಥದ ಸಮೇತ. ಆರೂಕಾಲಿಗೆ ಹಾಲಿನ ಗಾಡಿ ಬೀದಿಗೆ ಬರುವ ಮೊದಲು ಎಲ್ಲ ಮುಗಿಯಬೇಕು. ಧ್ವನಿಯ ಕಡತವನ್ನು ಇಮೇಲಿಗೆ ಕಟ್ಟಿ ಎಲ್ಲರಿಗೂ ಕಳಿಸಿ, ಗಡಿಯಾರವನ್ನು ಮತ್ತೆ ಮೊಳೆಗೆ ನೇತುಹಾಕಿ, ಅಕ್ಕ ಪೊರಕೆ ಹಿಡಿಯುತ್ತಾರೆ. ಅವರಿಗೆ ಸಂಬಳ ಬರುವುದು ಪೊರಕೆಗೆ. ಗ್ರಂಥಾಲಯದ ಕಸ ಗುಡಿಸುವ, ಪುಸ್ತಕ ಜೋಡಿಸುವ ಅಟೆಂಡರ್ ಅವರು. ಓದಿಗೆ ಯಾರೂ ಸಂಬಳ ಗೊತ್ತುಮಾಡಿಲ್ಲ, ಅವರೂ ಕೇಳಿಲ್ಲ.

"ಚಿಕ್ಕವಳಿದ್ದಾಗ ನಮ್ಮಜ್ಜನಿಗೆ ಕಣ್ಣು ಹೋಯ್ತು. ದಿನಾ ಪೇಪರ್ ಓದಿ ಹೇಳ್ತಿದ್ದೆ. ತಪ್ಪು ಓದಿದ್ರೆ ಕೋಲಿಂದ ನೆಲ ಕುಟ್ಟೋರು. ಆ ಕುಟ್ಟೋ ಸದ್ದು ಈಗಲೂ ಕಿವೀಲಿದೆ, ಅದಕ್ಕೇ ತಪ್ಪು ಕಮ್ಮಿ" ಎನ್ನುತ್ತಾರೆ ಅಕ್ಕ.

ತಪ್ಪು ಕಮ್ಮಿ, ಸರಿ. ಆದರೆ ಹೋದ ವರ್ಷ ಒಂದು ಸೋಮವಾರ ಆದ ತಪ್ಪು ಆರು ವರ್ಷದ ಓದನ್ನೆಲ್ಲ ನುಂಗಿಬಿಡುವುದರಲ್ಲಿತ್ತು.

ಆವತ್ತು ಗಂಟಲು ಕಟ್ಟಿತ್ತು, ಓದು ತಡವಾಗಿತ್ತು, ಹಾಲಿನ ಗಾಡಿ ಆಗಲೇ ಬೀದಿ ತಿರುವಿನಲ್ಲಿ ಹಾರ್ನ್ ಹಾಕುತ್ತಿತ್ತು. ಕಳಿಸುವ ಗುಂಡಿ ಒತ್ತಬೇಕು ಎನ್ನುವಷ್ಟರಲ್ಲಿ ಒಂದು ಮೇಲ್ ಬಂತು. ನಿಮ್ಮ ಮೇಲ್ ಪೆಟ್ಟಿಗೆ ತುಂಬಿದೆ. ಸಂಜೆಯೊಳಗೆ ಇಲ್ಲಿ ಒತ್ತಿ ದೃಢೀಕರಿಸದಿದ್ದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ. ಬೇರೆ ಯಾರಾದರೂ ಆಗಿದ್ದರೆ ನಕ್ಕು ಬಿಡುತ್ತಿದ್ದರೇನೋ. ಅಕ್ಕನ ಪೆಟ್ಟಿಗೆ ನಿಜಕ್ಕೂ ತುಂಬಿತ್ತು. ಗ್ರಂಥಾಲಯದ ಮುದಿ ಕಂಪ್ಯೂಟರಿನಲ್ಲಿ ಜಾಗವಿಲ್ಲವೆಂದು, ಕಳಿಸಿದ ಮೇಲೆ ಮೂಲ ಕಡತವನ್ನು ಅಳಿಸುವುದು ಅವರ ರೂಢಿ. ಸಾವಿರದ ಏಳುನೂರು ಚಿಲ್ಲರೆ ಓದುಗಳು ಉಳಿದಿದ್ದದ್ದು ಆ ಪೆಟ್ಟಿಗೆಯೊಳಗೆ ಮಾತ್ರ. ಕಳ್ಳ ಕತ್ತಲಲ್ಲಿ ಕಲ್ಲು ಬೀರಿದ್ದ, ಅದು ನೇರ ಬಂದು ಗಾಯದ ಮೇಲೇ ಬಿದ್ದಿತ್ತು. ಅಕ್ಕ ಒತ್ತಿದರು. ತೆರೆದ ಪುಟದಲ್ಲಿ ಪಾಸ್‌ವರ್ಡ್ ಬರೆದರು. 'ಧನ್ಯವಾದಗಳು' ಎಂದು ಬಂತು. ಅಕ್ಕನೂ ಮನಸ್ಸಿನಲ್ಲೇ ಧನ್ಯವಾದ ಹೇಳಿ, ಓದು ಕಳಿಸಿ, ನೆಲ ಗುಡಿಸಲು ಹೋದರು.

"ಊರಿಗೆಲ್ಲ ಗಟ್ಟಿಯಾಗಿ ಓದೋಳು ನಾನು. ಅದೊಂದು ಕಾಗದ ಮಾತ್ರ ಮನಸ್ಸಲ್ಲೇ ಓದ್ಕೊಂಡೆ ನೋಡಿ. ಅಲ್ಲೇ ಕೆಟ್ಟೆ."

ಹನ್ನೊಂದು ಗಂಟೆಗೆ ಗ್ರಂಥಾಲಯದ ಫೋನು ಹೊಡೆದುಕೊಂಡಿತು. ಕರೆ ಮಾಡಿದವರು ರೇಡಿಯೊ ರಿಪೇರಿಯವರು. ಹುಟ್ಟು ಕುರುಡರಾದ ಅವರು ಬೆರಳ ತುದಿಯಲ್ಲೇ ತಂತಿ ಎಣಿಸಿ ಸತ್ತ ರೇಡಿಯೊ ಎಬ್ಬಿಸುತ್ತಾರೆ. ಅಕ್ಕನಿಗೆ ಅವರು ರೇಡಿಯೊ ಅಣ್ಣ.

"ಅಕ್ಕ, ನೀವು ತೊಂದ್ರೇಲಿ ಇದೀರಂತೆ?"

"ಯಾರು ಹೇಳಿದ್ದು?"

"ನೀವೇ! ಫೋನ್ ಕೆಟ್ಟಿದೆ, ಕರೆ ಮಾಡಬೇಡಿ, ಕೂಡಲೇ ಗಿಫ್ಟ್ ಕಾರ್ಡು ಕೊಂಡು ಅದರ ನಂಬರು ಕಳಿಸಿ ಅಂತ ಮೇಲ್ ಹಾಕಿದೀರಿ. ನನ್ನ ಫೋನು ಓದಿ ಹೇಳ್ತು."

"ನಾನು ಹಾಕಿಲ್ಲ ಅಣ್ಣಾ."

"ಗೊತ್ತು ಬಿಡಿ. ಆರು ವರ್ಷದಲ್ಲಿ ನೀವು ನನಗೊಂದು ಸಾಲು ಬರೆದದ್ದಿಲ್ಲ. ದನಿ ಕಳಿಸೋರು ಇದ್ದಕ್ಕಿದ್ದ ಹಾಗೆ ಕಾಗದ ಕಳಿಸಿದ್ರೆ ಅನುಮಾನ ಬರದೆ ಇರುತ್ತಾ? ಕರೆ ಮಾಡಬೇಡಿ ಅಂದಿದ್ರಲ್ಲ, ಅದಕ್ಕೇ ಮೊದಲು ಕರೆ ಮಾಡಿದೆ."

ಅಕ್ಕ ಒರೆಸುವ ಬಟ್ಟೆಯನ್ನು ಅಲ್ಲೇ ಬಿಟ್ಟರು. ಕಂಪ್ಯೂಟರಿನ ಮುಂದೆ ಕೂತರೆ, ಅವರದೇ ಪೆಟ್ಟಿಗೆ ಅವರಿಗೇ ಬಾಗಿಲು ತೆರೆಯುತ್ತಿಲ್ಲ. ಪಾಸ್‌ವರ್ಡ್ ಬದಲಾಗಿತ್ತು. ಒಳಗೆ ಅಜ್ಜನ ಕೋಲಿಗೆ ಹೆದರಿ ತಿದ್ದಿ ತಿದ್ದಿ ಓದಿದ ಆರು ವರ್ಷ. ಒಳಗೇ ನೂರ ಎಂಬತ್ತಾರು ಜನರ ವಿಳಾಸ. ಕಳ್ಳ ಮನೆಯೊಳಗೆ ಕೂತು ಯಜಮಾನಿಯನ್ನು ಹೊಸಿಲಾಚೆ ನಿಲ್ಲಿಸಿದ್ದ.

ಗ್ರಂಥಪಾಲಕಿ ಬೈಯಲಿಲ್ಲ. ತಮ್ಮ ಫೋನು ತೆಗೆದು, ಮೇಲ್ ಕಂಪನಿಯ ವಿಳಾಸವನ್ನು ತಾವೇ ಅಕ್ಷರ ಅಕ್ಷರವಾಗಿ ಬೆರಳಲ್ಲಿ ಒತ್ತಿ, ಕಳೆದುಕೊಂಡ ಖಾತೆ ಮರಳಿ ಪಡೆಯುವ ಪುಟಕ್ಕೆ ಹೋದರು. ಖಾತೆ ತೆರೆದಾಗ ಕೊಟ್ಟಿದ್ದ ನಂಬರಿಗೆ ಆರು ಅಂಕಿ ಕಳಿಸಿದ್ದೇವೆ ಎಂದು ಬಂತು. ಪುಣ್ಯಕ್ಕೆ ಆ ನಂಬರನ್ನು ಬದಲಿಸಲು ಕಳ್ಳನಿಗೆ ಇನ್ನೂ ಪುರುಸೊತ್ತಾಗಿರಲಿಲ್ಲ. ಅದು ಯಾರ ನಂಬರು? ಆರು ವರ್ಷದ ಹಿಂದೆ ಅಕ್ಕನ ಫೋನು ಕೆಟ್ಟಿತ್ತು. ಕೊಟ್ಟಿದ್ದು ಅತ್ತೆಯ ನಂಬರು. ಅತ್ತೆ ಮನೆಯಲ್ಲಿ, ಅಡುಗೆಮನೆಯ ಡಬ್ಬಿಗಳ ಸಾಲಿನಲ್ಲಿ ಅವರ ಗುಂಡಿ ಫೋನು. ಅಕ್ಕ ಕರೆ ಮಾಡಿದರು.

"ಅತ್ತೆ, ನಿಮ್ಮ ಫೋನಿಗೆ ಆರು ಅಂಕಿ ಬಂದಿದೆಯಾ?"

"ಬಂದಿದೆ."

"ಓದಿ ಹೇಳಿ, ಬೇಗ."

"ಹೇಳಲ್ಲ."

"ಅಯ್ಯೋ, ನಾನೇ ಅತ್ತೆ ಮಾತಾಡ್ತಿರೋದು, ನಿಮ್ಮ ಸೊಸೆ!"

"ಇರಬಹುದು. ಇದನ್ನ ಯಾರಿಗೂ ಹೇಳಬೇಡಿ ಅಂತ ಇದರ ಕೆಳಗೇ ಬರೆದಿದೆ. ಸೊಸೆಗೆ ಹೇಳಬಹುದು ಅಂತ ಬರೆದಿಲ್ಲ."

"ಅತ್ತೆ, ದಮ್ಮಯ್ಯ..."

"ಮೊನ್ನೆ ಮೈಕಿನ ಮುಂದೆ ಕೂತು ಬ್ಯಾಂಕಿನ ನೋಟೀಸು ಓದಿದ್ದು ಯಾರು? ಹೆತ್ತ ಮಗ ಫೋನಲ್ಲಿ ಕೇಳಿದರೂ ಹೇಳಬೇಡಿ ಅಂತ ರಾಗವಾಗಿ ಓದಿದೆಯಲ್ಲ, ಕೇಳಿಸಿಕೊಂಡಿದೀನಿ. ಮಗನಿಗೇ ಇಲ್ಲದ್ದು ಸೊಸೆಗೆಲ್ಲಿಂದ ಬರುತ್ತೆ? ಬೇಕಾದ್ರೆ ಮನೆಗೆ ಬಾ, ನನ್ನ ಕಣ್ಣೆದುರು ನಿಂತು ನೋಡ್ಕೋ."

ಫೋನು ಇಟ್ಟೇಬಿಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಹಾಗಾಯಿತು. ಅಕ್ಕ ಮುಂದೆ, ಗ್ರಂಥಪಾಲಕಿ ಹಿಂದೆ, ಇಬ್ಬರೂ ಮುಖ್ಯಬೀದಿಯಲ್ಲಿ ಓಡಿದರು. ಮನೆ ಮುಟ್ಟುವ ಹೊತ್ತಿಗೆ ಮೊದಲ ಆರು ಅಂಕಿಯ ಗಡುವು ತೀರಿತ್ತು. ಹೊಸದಾಗಿ ತರಿಸಿದರು. ಅತ್ತೆ ಕನ್ನಡಕ ಏರಿಸಿ, ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಹೌದು, ನೀನೇ" ಎಂದು ಫೋನು ಕೊಟ್ಟರು.

ಈ ಕಥೆ ಹೇಳುವಾಗ ಅಕ್ಕನಿಗೆ ನಗು ತಡೆಯುವುದಿಲ್ಲ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಪಕ್ಕದಲ್ಲಿ ಕೂತ ಅತ್ತೆಗೆ ಮಾತ್ರ ನಗು ಬರುವುದಿಲ್ಲ. "ನಗ್ತಾಳೆ. ಆವತ್ತು ಇವಳು ನನ್ನ ಹಾಗೆ ಗಟ್ಟಿ ಇದ್ದಿದ್ರೆ ಓಡೋ ಕೆಲಸಾನೇ ಇರ್ತಿರಲಿಲ್ಲ" ಎನ್ನುತ್ತಾರೆ. ಮಾತು ನ್ಯಾಯವಾದದ್ದು.

ಬಾಗಿಲು ತೆರೆಯಿತು. ಓದುಗಳು ಒಂದೂ ಹೋಗಿರಲಿಲ್ಲ. ಹೊಸ ಪಾಸ್‌ವರ್ಡ್ ಹಾಕಿ, ಬೇರೆಲ್ಲ ಯಂತ್ರಗಳಿಂದಲೂ ಖಾತೆಯನ್ನು ಹೊರಗೆ ಹಾಕಿ, ಇಬ್ಬರೂ ಮೂಲೆ ಮೂಲೆ ಹುಡುಕಿದರು. ಹಾವು ಹೊಕ್ಕ ಮನೆಯಲ್ಲಿ ಹಾವನ್ನು ಓಡಿಸಿದರೆ ಸಾಲದು, ಬಿಲ ಮುಚ್ಚಬೇಕು. ಸೆಟ್ಟಿಂಗಿನ ಒಳಗೆ ಬಿಲ ಸಿಕ್ಕಿತು: ಅಕ್ಕನಿಗೆ ಬರುವ ಉತ್ತರಗಳೆಲ್ಲ ನೇರ ಕಸದ ಬುಟ್ಟಿಗೆ ಬೀಳಲಿ, ಒಂದೊಂದು ಪ್ರತಿ ಯಾವುದೋ ಗುರುತಿಲ್ಲದ ವಿಳಾಸಕ್ಕೆ ಹೋಗಲಿ ಎಂದು ಕಳ್ಳ ಏರ್ಪಾಟು ಮಾಡಿದ್ದ. ಅದನ್ನು ಕಿತ್ತುಹಾಕಿದರು. ವಿದ್ಯುತ್ ಬಿಲ್ಲಿಗೂ ಬ್ಯಾಂಕಿಗೂ ಅದೇ ಪಾಸ್‌ವರ್ಡ್ ಇಟ್ಟಿದ್ದರು ಅಕ್ಕ. ಎರಡನ್ನೂ ಬೇರೆ ಬೇರೆ ಮಾಡಿ, ಬ್ಯಾಂಕಿಗೆ ಫೋನು, ಪೊಲೀಸರ ಸೈಬರ್ ವಿಭಾಗಕ್ಕೆ ದೂರು. ಇನ್ನು ಮುಂದೆ ಹೊಸ ಯಂತ್ರದಿಂದ ಒಳಬರಲು ಪಾಸ್‌ವರ್ಡ್ ಒಂದೇ ಸಾಲದು, ಫೋನಿಗೆ ಬರುವ ಅಂಕಿಯೂ ಬೇಕು ಎಂದು ಎರಡನೆಯ ಅಗುಳಿ ಹಾಕಿದರು. ಆ ಅಂಕಿಗೂ ಅತ್ತೆಯ ನಂಬರನ್ನೇ ಇರಿಸಿದ್ದಾರೆ. ಅದಕ್ಕಿಂತ ಭದ್ರವಾದ ಬೀಗ ಎಲ್ಲಿ ಸಿಗಬೇಕು?

ಆಮೇಲೆ ಅಕ್ಕ ಕಸದ ಬುಟ್ಟಿ ತೆರೆದರು. ಅರವತ್ತೊಂದು ಪತ್ರಗಳು. ಅಲ್ಲೇ ಕೂತು ಒಂದೊಂದನ್ನೂ ಗಟ್ಟಿಯಾಗಿ ಓದಿದರು. ಹುಷಾರಾಗಿದೀರಾ ಅಕ್ಕ? ನಾನು ಬರಲೇ? ಇನ್ನೊಬ್ಬರು ಬರೆದಿದ್ದರು: 'ಕಾರ್ಡು ಗೀರ್ಡು ನನಗೆ ತಿಳಿಯದು. ನಮ್ಮ ಮನೇಲಿ ಒಂದು ಕೋಣೆ ಖಾಲಿ ಇದೆ, ಬಂದುಬಿಡಿ.' ಅದನ್ನು ಎರಡು ಸಲ ಓದಿದರು. ಆರು ವರ್ಷ ಒಂದೇ ಕಡೆಯಿಂದ ಹರಿಯುತ್ತಿದ್ದ ಮಾತಿಗೆ ಅಷ್ಟು ಹೊತ್ತಿಗೆ, ಅಂಥ ಜಾಗದಲ್ಲಿ ಉತ್ತರ ಸಿಕ್ಕಿತ್ತು. "ಕಳ್ಳ ನನಗೆ ಒಂದುಪಕಾರ ಮಾಡಿದ ನೋಡಿ. ಇವರೆಲ್ಲ ನನ್ನ ಇಷ್ಟು ಹಚ್ಕೊಂಡಿದಾರೆ ಅಂತ ಅವನು ಹೇಳಿದ ಮೇಲೇ ಗೊತ್ತಾಗಿದ್ದು."

ಆದರೆ ಹಣ್ಣಿನೊಳಗಿನ ಹುಳ ಇನ್ನೂ ಉಳಿದಿತ್ತು. ಮರುದಿನ ಅಕ್ಕ ಕಳಿಸಿದ ಓದನ್ನು ಬಹುಮಂದಿ ತೆರೆಯಲಿಲ್ಲ. ಅನುಮಾನದ ಮೇಲ್ ತೆರೆಯಬೇಡಿ ಎಂದು ಅವರಿಗೆ ಓದಿ ಹೇಳಿದ್ದು ಅಕ್ಕನೇ! ಇದು ನಿಜವಾದ ಅಕ್ಕ ಎಂದು ಬರೆದು ತಿಳಿಸೋಣವೆಂದರೆ, ಕಳ್ಳನೂ ಹಾಗೇ ಬರೆಯುತ್ತಾನೆ. ನೂರ ಎಂಬತ್ತಾರು ಬಾಗಿಲುಗಳನ್ನು ಒಂದೊಂದಾಗಿ ತಟ್ಟದೆ ಬೇರೆ ದಾರಿಯಿರಲಿಲ್ಲ. ರೇಡಿಯೊ ಅಣ್ಣ ತಂತಿ ಜೋಡಿಸಿದಂತೆ ಜನ ಜೋಡಿಸಿದರು: ಒಬ್ಬರು ಐವರಿಗೆ, ಆ ಐವರು ಮತ್ತೆ ಐದೈದು ಜನಕ್ಕೆ, ತಮ್ಮ ತಮ್ಮ ಬಳಿ ಮೊದಲಿನಿಂದ ಇದ್ದ ನಂಬರಿಗೆ ಕರೆ. ಮೊದಲ ದಿನವೇ ಆ ಕರೆಯೊಂದು ಸಂಗೀತದ ಟೀಚರೊಬ್ಬರನ್ನು ಹೊಸಿಲಲ್ಲೇ ತಡೆಯಿತು. ಅಕ್ಕನ ಸಂಕಟಕ್ಕೆಂದು ಕಾರ್ಡು ಕೊಳ್ಳಲು ಅವರು ಕೋಲು ಹಿಡಿದು ಹೊರಟೇಬಿಟ್ಟಿದ್ದರು. ನಾಲ್ಕು ದಿನ ಅಕ್ಕ ಪೊರಕೆಯ ಜೊತೆ ಫೋನನ್ನೂ ಹಿಡಿದೇ ಇದ್ದರು. ಐದನೆಯ ದಿನದ ಓದನ್ನು ಎಲ್ಲರೂ ಕೇಳಿದರು. ಯಾರ ಗಂಟೂ ಹೋಗಲಿಲ್ಲ.

ಅಂದಿನಿಂದ ಶನಿವಾರಗಳಿಗೆ ಹೊಸ ಕಳೆ ಬಂದಿದೆ. ಕೇಳುಗರು ತಮಗೆ ಬಂದ ಮೋಸದ ಮೇಲುಗಳನ್ನು ಫೋನಿನಲ್ಲಿ ಒಪ್ಪಿಸುತ್ತಾರೆ. ಅಕ್ಕ ಬರೆದುಕೊಂಡು ಮೈಕಿನ ಮುಂದೆ ವೇಷ ಕಟ್ಟುತ್ತಾರೆ. ಹೆಸರು 'ಕಳ್ಳೋಲೆ'. ಬ್ಯಾಂಕಿನವನೆಂದು ಹೇಳಿಕೊಳ್ಳುವವನಿಗೆ ಮೂಗಿನ ದನಿ, ಲಾಟರಿ ಹೊಡೆದಿದೆ ಎನ್ನುವವನಿಗೆ ಜೇನು ಸುರಿಯುವ ದನಿ, ಇಂದೇ ಈಗಲೇ ಇಲ್ಲದಿದ್ದರೆ ಮುಗಿಯಿತು ಎನ್ನುವವನಿಗೆ ಕಾವ್ಯದ ರಕ್ಕಸನ ಅಬ್ಬರ. ಕೇಳಿದವರು ಬಿದ್ದು ಬಿದ್ದು ನಗುತ್ತಾರೆ. ನಕ್ಕಮೇಲೆ ಮರೆಯುವುದಿಲ್ಲ.

"ಗಟ್ಟಿಯಾಗಿ ಓದಿ ಅಂತೀನಿ. ಕಣ್ಣು ಅವಸರ ಮಾಡುತ್ತೆ, ನಾಲಿಗೆ ಮಾಡಲ್ಲ. ಬಾಯಲ್ಲಿ ಬಂದ ಕೂಡಲೇ ಇದು ಯಾರ ಮಾತು, ಯಾಕೆ ಹೆದರಿಸ್ತಿದೆ ಅಂತ ಕಿವಿ ಕೇಳುತ್ತೆ." ಇದನ್ನೂ ಸೇರಿಸುತ್ತಾರೆ: "ಅಷ್ಟೇ ನಂಬಿ ಕೂರಬಾರದು. ಈಗಿನ ಕಳ್ಳರು ನಮಗಿಂತ ಚೆನ್ನಾಗಿ ಬರೀತಾರೆ. ದನೀನೂ ನಕಲು ಮಾಡ್ತಾರಂತೆ, ನಂದೂ ಮಾಡಬಹುದು. ಅದಕ್ಕೇ, ಅವರು ಕೊಟ್ಟ ದಾರೀಲಿ ಹೋಗಬೇಡಿ. ವಿಳಾಸ ನೀವೇ ಒತ್ತಿ, ನಿಮಗೆ ಗೊತ್ತಿರೋ ನಂಬರಿಗೆ ನೀವೇ ಕರೆ ಮಾಡಿ. ಒಳ್ಳೆಯವರಾದ್ರೆ ಕಾಯ್ತಾರೆ."

ಓದುಗಳೆಲ್ಲ ಈಗ ಎರಡು ಡಿಸ್ಕಿನಲ್ಲಿವೆ. ಒಂದು ಗ್ರಂಥಪಾಲಕಿಯ ಬೀರುವಿನಲ್ಲಿ, ಇನ್ನೊಂದು ಅತ್ತೆಯ ಸೀರೆಗಳ ನಡುವೆ. ಏನಾದರೂ ಆಸೆಯಿದೆಯೇ ಎಂದರೆ ಅಕ್ಕ ಹೇಳುತ್ತಾರೆ: "ಕಾವ್ಯದಲ್ಲಿ ಇನ್ನೂ ಒಂಬೈನೂರು ಪದ್ಯ ಇದೆ. ಗಂಟಲು ಕೆಡದೆ ಮುಗಿಸಬೇಕು. ಆಮೇಲೆ, ಆ ಗಡಿಯಾರಕ್ಕೆ ಸದ್ದು ಮಾಡದ ತಂಗೀನೋ ತಮ್ಮನೋ ಒಂದು ಸಿಕ್ಕಿದ್ರೆ ದಿನಾ ಹೊರೋದು ತಪ್ಪುತ್ತೆ."

ಆರೂಕಾಲು. ಅಕ್ಕ ಇಂದಿನ ಓದು ಕಳಿಸಿ ಕಾಲುಚೀಲದ ಮೈಕನ್ನು ಮಡಚಿಡುತ್ತಾರೆ. ಹಾಲಿನ ಗಾಡಿ ಸದ್ದು ಮಾಡುತ್ತ ಬರುತ್ತದೆ, ಅದರ ಹಿಂದೆಯೇ ಗ್ರಂಥಾಲಯದ ಫೋನು ಬಡಿದುಕೊಳ್ಳುತ್ತದೆ. ದಿನಕ್ಕೊಬ್ಬರು ಕೇಳುಗರು ಸರದಿಯಂತೆ ಕರೆ ಮಾಡಿ, ಓದು ಅಕ್ಕನದೇ ಎಂದು ಖಾತರಿ ಮಾಡಿಕೊಂಡು ಉಳಿದವರಿಗೆ ತಿಳಿಸುವುದು ಈಗಿನ ಪದ್ಧತಿ. ಇಂದು ರೇಡಿಯೊ ಅಣ್ಣನ ಸರದಿ.

"ಅಕ್ಕ, ಓದು ಬಂತು. ಕಳಿಸಿದ್ದು ನೀವೇ ತಾನೇ?"

"ನಾನೇ ಅಣ್ಣಾ. ಎಷ್ಟನೇ ಓದು ಅಂತ ಕೇಳಲ್ವಾ?"

"ಕೇಳ್ತೀನಿ, ಅದಕ್ಕೂ ಮುಂಚೆ ಹೇಳಿ, ಗಂಟಲು ಹೆಂಗಿದೆ?"

"ಚೆನ್ನಾಗಿದೆ. ಎರಡು ಸಾವಿರದ ಹನ್ನೊಂದು."

"ಸರಿಹೋಯ್ತು. ಎಲ್ಲರಿಗೂ ಹೇಳ್ತೀನಿ."

ಫೋನು ಇಟ್ಟು ಅಕ್ಕ ಗಡಿಯಾರವನ್ನು ಮೊಳೆಗೆ ನೇತುಹಾಕುತ್ತಾರೆ, ಪೊರಕೆ ತೆಗೆದುಕೊಳ್ಳುತ್ತಾರೆ. ಬಾಗಿದ ಬೆನ್ನಿನಿಂದಲೇ, ಮುಖ ಎತ್ತದೆ ಹೇಳುತ್ತಾರೆ: "ನನ್ನ ನಂಬೋರು ನೂರ ಎಂಬತ್ತಾರು ಜನ. ನಂಬಿದ್ರೂ ಒಂದ್ಸಲ ಕೇಳಿ ನೋಡೋರೂ ಅಷ್ಟೇ ಜನ. ನಾನು ಓದಿದ್ದು ದಂಡ ಆಗಲಿಲ್ಲ."