ಮರಿಗಳು ಹೆಚ್ಚಾದ ಶುಕ್ರವಾರ

ನಮ್ಮ ಅತ್ತೆಯ ಬಾಯಲ್ಲಿ ಯಾವುದೂ ಮುಗಿಯುವುದಿಲ್ಲ. ಅಕ್ಕಿ ಡಬ್ಬ ಬರಿದಾದರೆ ‘ಅಕ್ಕಿ ಹೆಚ್ಚಾಗಿದೆ’ ಎನ್ನುತ್ತಾರೆ. ಕುಂಕುಮ ಖಾಲಿಯಾದರೆ ‘ಕುಂಕುಮ ಹೆಚ್ಚಾಗಿದೆ’. ಕೈಬಳೆ ಒಡೆದರೂ ‘ಬಳೆ ಹೆಚ್ಚಾಯ್ತು’. ಇಲ್ಲ, ಮುಗಿಯಿತು, ಹೋಯಿತು ಎಂದು ಮನೆಯೊಳಗೆ ಬಾಯಿಬಿಟ್ಟು ಹೇಳಬಾರದು. ಶುಕ್ರವಾರ ದೀಪ ಹಚ್ಚುವ ಹೊತ್ತಿಗಂತೂ ಹೇಳಲೇಬಾರದು. ಅವರು ಮೈಸೂರಿನವರು. ನಾನು ಡೊಂಬಿವಲಿಯಲ್ಲಿ ಹುಟ್ಟಿದ ಉಡುಪಿ ಕಡೆಯವಳು. ನಮ್ಮಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಎಂದೇ ಬೊಬ್ಬೆ ಹಾಕುತ್ತೇವೆ. ಮದುವೆಯ ಹೊಸತರಲ್ಲಿ ಅವರು ಅಡುಗೆಮನೆಯಿಂದ ‘ಅಕ್ಕಿ ಹೆಚ್ಚಾಗಿದೆ ಕಣೇ’ ಎಂದಾಗ ನಾನು, ‘ಅಡ್ಡಿಯಿಲ್ಲ ಅತ್ತೆ, ದೋಸೆಗೆ ನೆನೆಹಾಕುವ’ ಎಂದಿದ್ದೆ. ಅವತ್ತು ಮಧ್ಯಾಹ್ನ ಎಲ್ಲರೂ ಅವಲಕ್ಕಿ ತಿಂದೆವು.

ಆಗ ನಾವು ನೆರೂಳಿನಲ್ಲಿದ್ದೆವು. ಥಾಣೆಯಲ್ಲಿ ನನ್ನ ಆಫೀಸು, ಅಂಧೇರಿಯಲ್ಲಿ ನಮ್ಮವರದು. ಹಗಲಿಡೀ ಮನೆಯಲ್ಲಿ ಅತ್ತೆ ಒಬ್ಬರೇ, ಜೊತೆಗೆ ಹಾಲ್‌ನ ಮೂಲೆಯಲ್ಲಿ ನನ್ನ ಗಾಜಿನ ತೊಟ್ಟಿ. ಅದರಲ್ಲಿ ಉಲ್ಹಾಸನಗರದ ಅಂಗಡಿಯಿಂದ ತಂದ ಒಂದು ಜೋಡಿ ಕ್ರಿಬ್ ಮೀನು. ಬೆರಳುದ್ದದ ಜೀವಗಳು. ಮೊಟ್ಟೆಯಿಡುವ ಕಾಲ ಬಂದರೆ ಹೆಣ್ಣಿನ ಹೊಟ್ಟೆ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗುತ್ತದೆ. ಮೀನು ತಿಂದು ಬೆಳೆದ ಸೊಸೆ ಮನೆಯೊಳಗೆ ಜೀವಂತ ಮೀನು ತಂದಿಟ್ಟದ್ದು ನೋಡಿ ಅತ್ತೆಗೆ ಮೊದಲ ದಿನವೇ ದಿಗಿಲಾಗಿತ್ತು.

“ಇದನ್ನ ತಿನ್ನಲ್ಲ ತಾನೆ?” ಎಂದು ಮಗನನ್ನು ಮೆಲ್ಲಗೆ ಕೇಳಿದ್ದರು.

ಈ ಮೀನು ಮೊಟ್ಟೆಯಿಡಲು ಗುಹೆ ಹುಡುಕುತ್ತದೆ. ನಾನು ತೆಂಗಿನ ಗೆರಟೆಯೊಂದನ್ನು ಕುದಿಸಿ, ಅಂಚಿಗೆ ಬಾಗಿಲು ಕೊರೆದು ಮರಳಿನ ಮೇಲೆ ಬೋರಲು ಹಾಕಿದ್ದೆ. ನಾನು ಗೆರಟೆ ಎಂದರೆ ಅತ್ತೆ ಚಿಪ್ಪು ಎನ್ನುತ್ತಿದ್ದರು. ಮೊದಲ ಸಲ ಮೊಟ್ಟೆಗಳನ್ನು ಹೆತ್ತವೇ ತಿಂದುಹಾಕಿದವು. ಎರಡನೆಯ ಸಲ ಮರಿಗಳಾದವು, ನಾನು ಆಫೀಸಿನಿಂದ ಬರುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. “ಅಷ್ಟು ಒದ್ದಾಡಿದ್ದಕ್ಕೆ ಕೈಗೆ ಚಿಪ್ಪೇ ಬಂತು ನೋಡು” ಎಂದರು ಅತ್ತೆ. ನನಗೆ ನಗು ಬರಲಿಲ್ಲ.

ಮೂರನೆಯ ಸಲ ಹೆಣ್ಣು ಗೆರಟೆಯೊಳಗೆ ಸೇರಿಕೊಂಡಾಗ ನಾವು ಮನೆ ಬದಲಿಸುವ ತಯಾರಿಯಲ್ಲಿದ್ದೆವು. ಸೀವುಡ್ಸ್‌ನಲ್ಲಿ ಸಿಕ್ಕಿದ ಫ್ಲ್ಯಾಟು ಇದಕ್ಕಿಂತ ಚಿಕ್ಕದು. ನಮ್ಮವರು ಖಡಾಖಂಡಿತವಾಗಿ ಹೇಳಿಬಿಟ್ಟರು: “ನೋಡು, ಈ ಸಲ ಮರಿ ಉಳಿದ್ರೆ ತೊಟ್ಟಿ ನಮ್ಮ ಜೊತೆ ಬರುತ್ತೆ. ಇಲ್ದಿದ್ರೆ ಮೀನು, ಗಾಜು, ಚಿಪ್ಪು ಎಲ್ಲಾ ಉಲ್ಹಾಸನಗರಕ್ಕೆ ವಾಪಸ್.” ನಾನು ಸೆಟೆದು ‘ಆಯ್ತು’ ಎಂದೆ. ಗ್ಯಾಸ್ ಬಂದ್ ಮಾಡಿದ್ದೇನಾ ಎಂದು ಲಿಫ್ಟಿನಿಂದ ವಾಪಸು ಬರುವ ಜಾತಿ ನನ್ನದು. ನನ್ನಂಥವಳಿಗೆ ಇಂಥ ಪಂಥ ಬೇಕಿತ್ತೇ? ಹಲ್ಲುಜ್ಜುವಾಗಲೂ ಬ್ರಶ್ ಬಾಯಲ್ಲಿಟ್ಟುಕೊಂಡೇ ತೊಟ್ಟಿಯ ಮುಂದೆ ಕೂರುತ್ತಿದ್ದೆ.

ಆ ಶುಕ್ರವಾರ ಬೆಳಿಗ್ಗೆ ಗೆರಟೆಯ ಬಾಗಿಲಲ್ಲಿ ಮೂರೇ ಮೂರು ಮರಿ ಕಂಡವು, ಸಾಸಿವೆಗೆ ಬಾಲ ಬಂದ ಹಾಗೆ. ಉಳಿದವು ಒಳಗಿವೆಯೋ, ತಾಯಿಯ ಹೊಟ್ಟೆ ಸೇರಿದವೋ ತಿಳಿಯಲಿಲ್ಲ. ಲೋಕಲ್ ತಪ್ಪುತ್ತದೆಂದು ಓಡಿದೆ.

ಮಧ್ಯಾಹ್ನ ಅತ್ತೆಯ ಫೋನು. “ಕರೆಂಟ್ ಹೋಗಿದೆ ಕಣೇ. ನಿನ್ನ ಗುಳುಗುಳು ನಿಂತುಹೋಗಿದೆ.” ತೊಟ್ಟಿಗೆ ಗಾಳಿಯೂದುವ ಪಂಪಿಗೆ ಅವರಿಟ್ಟ ಹೆಸರು ಗುಳುಗುಳು. ಗಾಳಿ ನಿಂತರೆ ಆ ಸಾಸಿವೆಕಾಳುಗಳು ಎಷ್ಟು ಹೊತ್ತು ತಡೆದಾವು?

“ಅತ್ತೆ, ಒಂದು ಉಪಕಾರ ಮಾಡಿ. ಮಗ್‌ನಲ್ಲಿ ಗೆರಟೆಯಿಂದ ದೂರದ ಮೂಲೆಯ ನೀರು ತೆಗೆದು, ಸ್ವಲ್ಪ ಎತ್ತರದಿಂದ ಅಲ್ಲಿಗೇ ಹೊಯ್ಯುತ್ತಾ ಇರಿ. ನೀರಿಗೆ ಗಾಳಿ ಸೇರ್ತದೆ. ಕರೆಂಟ್ ಬರುವವರೆಗೆ ಮಾತ್ರ.”

“ಶಿವಶಿವಾ! ಮಡಿಯಲ್ಲಿದೀನಿ ಕಣೇ ನಾನು. ಶುಕ್ರವಾರ ಬೇರೆ. ಆ ಮೀನಿನ ನೀರಿಗೆ ಕೈ ಹಾಕು ಅಂತೀಯಲ್ಲ!” ಫೋನ್ ಇಟ್ಟರು.

ನನಗೇನೂ ಆಶ್ಚರ್ಯವಾಗಲಿಲ್ಲ. ದೇವರ ಮುಂದಿನ ಅವರ ಬೆಳ್ಳಿ ಚೊಂಬನ್ನು ಒರೆಸಿಡಲು ಹೋದರೂ ‘ನೀನು ಮುಟ್ಟಬೇಡ, ನಾನೇ ಇಡ್ತೀನಿ’ ಎನ್ನುವವರು ಅವರು. ಮದುವೆಯಾಗಿ ಅಷ್ಟು ವರ್ಷವಾದರೂ ಆ ಚೊಂಬಿಗೆ ನನ್ನ ಬೆರಳು ತಾಗಿರಲಿಲ್ಲ. ಅಂಥವರು ಮೀನಿನ ನೀರಿಗೆ ಕೈ ಹಾಕುತ್ತಾರೆಯೇ? ಆದರೂ ಸಿಟ್ಟು ಬಂತು. ಮೂರು ಜೀವ ಒದ್ದಾಡುತ್ತಿರುವಾಗ ಎಂಥ ಮಡಿ, ಎಂಥ ಮಣ್ಣಾಂಗಟ್ಟಿ! ಆ ಸಿಟ್ಟಿನಲ್ಲಿ ಮಾಡಿದ ಆಫೀಸಿನ ಲೆಕ್ಕಗಳೆಲ್ಲ ತಪ್ಪಿ, ಸೋಮವಾರ ಮತ್ತೆ ಮಾಡಬೇಕಾಯಿತು.

ಸಂಜೆ ಆಫೀಸಿನಿಂದ ಹೊರಡುವಾಗ ಮತ್ತೆ ಫೋನು. “ಏನೇ, ನಿನ್ನ ಮರಿಗಳು ಹೆಚ್ಚಾಗಿದಾವೆ. ದಾರೀಲಿ ತಡ ಮಾಡ್ದೆ ಬಾ.” ಅಷ್ಟೇ ಹೇಳಿ ಇಟ್ಟುಬಿಟ್ಟರು.

ಅಕ್ಕಿ ಹೆಚ್ಚಾದದ್ದು, ಕುಂಕುಮ ಹೆಚ್ಚಾದದ್ದು, ಬಳೆ ಹೆಚ್ಚಾದದ್ದು ಎಲ್ಲ ನನಗೆ ಗೊತ್ತು. ಶುಕ್ರವಾರ, ದೀಪದ ಹೊತ್ತು. ಸತ್ತವು ಎಂದು ಅವರ ಬಾಯಲ್ಲಿ ಬರುವುದುಂಟೇ? ವಾಪಸು ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮುಖ ತೋರಿಸಲಾಗದೆ ಎತ್ತುತ್ತಿಲ್ಲ ಎಂದುಕೊಂಡೆ. ನಮ್ಮವರಿಗೆ ಹೇಳಿದರೆ, “ಹೋಗ್ಲಿ ಬಿಡು. ಅಂಗಡಿಯವನಿಗೆ ಭಾನುವಾರ ಬಾ ಅನ್ಲಾ?” ಎಂದರು. ಆ ಕ್ಷಣಕ್ಕೆ ಅವರು ಎದುರಿಗಿಲ್ಲದ್ದು ಅವರ ಪುಣ್ಯ.

ಥಾಣೆಯಿಂದ ನೆರೂಳಿನ ಗಾಡಿ ಹತ್ತಿದೆ. ಲೇಡೀಸ್ ಡಬ್ಬಿಯಲ್ಲಿ ಕಂಬಿ ಹಿಡಿದು ನಿಂತವಳಿಗೆ ಐರೋಲಿ ದಾಟುವಷ್ಟರಲ್ಲಿ ಕಣ್ಣೀರು ತಡೆಯಲಾಗಲಿಲ್ಲ. ಕೂತಿದ್ದ ಮರಾಠಿ ಹೆಂಗಸೊಬ್ಬಳು ಕೈ ಹಿಡಿದು ಕೇಳಿದಳು, “ಕಾಯ್ ಝಾಲಂ ತಾಈ?” ಏನಾಯಿತು ಅಕ್ಕಾ ಎಂದು.

“ಘರಾತಲಿ ಪಿಲ್ಲಂ ಗೇಲಿ,” ಎಂದೆ. ಮನೆಯಲ್ಲಿದ್ದ ಮರಿಗಳು ಹೋದವು.

ಅಯ್ಯೋ ಎಂದು ಅವಳು ಸರಿದು ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ನನ್ನನ್ನು ಕೂರಿಸಿಕೊಂಡಳು. ಬೆನ್ನು ಸವರಿದಳು. “ಮಾಂಜರಾಚೀ ಕಾ?” ಬೆಕ್ಕಿನ ಮರಿಗಳಾ?

“ಮಾಶಾಂಚೀ,” ಎಂದೆ. ಮೀನಿನವು.

ಬೆನ್ನ ಮೇಲಿನ ಕೈ ನಿಂತಿತು. ಮುಂದಿನ ಸ್ಟೇಷನ್ನಿಗೆ ಅವಳು ಮೊದಲಿನಂತೆ ಅಗಲವಾಗಿ ಕೂತಳು, ನಾನು ಎದ್ದು ನಿಂತೆ. ತುರ್ಭೆ, ಜುಯಿನಗರ ಕಳೆಯುವಾಗ ಅತ್ತೆಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ನಿಮ್ಮ ಮಡಿ ನಿಮಗೇ ಇರಲಿ, ಒಂದು ಮಗ್ ನೀರು ಹೊಯ್ಯಲು ನಿಮ್ಮ ಕೈ ಸವೆಯುತ್ತಿತ್ತಾ ಎಂದು ಕೇಳಿಯೇ ಕೇಳುತ್ತೇನೆ ಎಂದುಕೊಂಡೆ.

ಕರೆಂಟ್ ಇರಲಿಲ್ಲ, ಲಿಫ್ಟೂ ಇರಲಿಲ್ಲ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರೆ ಬಾಗಿಲು ತೆರೆದೇ ಇತ್ತು. ದೇವರ ಮುಂದೆ ಇರಬೇಕಾದ ದೀಪದ ಕಂಬಗಳಲ್ಲಿ ಒಂದು ತೊಟ್ಟಿಯ ಪಕ್ಕದಲ್ಲಿ ಉರಿಯುತ್ತಿತ್ತು. ಅತ್ತೆ ಸ್ಟೂಲಿನ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಿದ್ದರು. ಮೊಣಕೈವರೆಗೆ ಒದ್ದೆ, ಮಡಿಲು ಒದ್ದೆ, ಸುತ್ತ ನೆಲವೆಲ್ಲ ಒದ್ದೆ. ಕೈಯಲ್ಲಿ ಆ ಬೆಳ್ಳಿ ಚೊಂಬು. ತೊಟ್ಟಿಯ ಮೂಲೆಯಿಂದ ನೀರು ಮೊಗೆಯುತ್ತಿದ್ದರು, ಗೇಣೆತ್ತರದಿಂದ ಹೊಯ್ಯುತ್ತಿದ್ದರು, ಮತ್ತೆ ಮೊಗೆಯುತ್ತಿದ್ದರು.

“ಬಂದ್ಯಾ? ನೋಡು ಬಾ. ಬೆಳಿಗ್ಗೆ ಮೂರು ಅಂತಿದ್ಯಲ್ಲ, ಈಗ ಎಣಿಸು ನೋಡೋಣ. ಸಾಯಂಕಾಲ ತಾಯಿ ಎಲ್ಲಾರನ್ನೂ ಹೊರಗೆ ಕರ್ಕೊಂಡು ಬಂದ್ಲು. ಸೀವುಡ್ಸ್‌ಗೆ ಇವೂ ಬರ್ತಾವೆ ಅಂತ ನಿನ್ನ ಗಂಡನಿಗೆ ಹೇಳು.”

ಬಗ್ಗಿ ನೋಡಿದೆ. ನೇರಳೆ ಹೊಟ್ಟೆಯ ತಾಯಿ, ಅದರ ಮುಖದ ಮುಂದೆ ಹೊಗೆಯಂತೆ ಒಂದು ಗುಂಪು ಮರಿ. ಎಣಿಸಲು ನನ್ನಿಂದಾಗಲಿಲ್ಲ, ಕಣ್ಣು ಮಂಜಾಗಿತ್ತು.

“ನೀವು ಹೆಚ್ಚಾಗಿದಾವೆ ಅಂದ್ರಲ್ಲ ಅತ್ತೆ...”

“ಹೆಚ್ಚಾಗಿದಾವಲ್ಲ ಮತ್ತೆ?”

“ನಾನು ಸತ್ತೇಹೋದವು ಅಂತ...”

“ಬಿಡ್ತು ಅನ್ನು!” ಎಂದು ಗದರಿದರು. “ದೀಪದ ಹೊತ್ತಲ್ಲಿ ಎಂಥಾ ಮಾತು!”

“ಬಿಡ್ತು,” ಎಂದೆ. ಮೂಗು ಒರೆಸಿಕೊಂಡು, “ದೇವರ ಚೊಂಬು ಯಾಕೆ ತಗೊಂಡ್ರಿ? ಮಗ್ ಇತ್ತಲ್ಲ” ಎಂದೆ.

“ಅದು ಬಚ್ಚಲ ಮಗ್ಗು, ಸೋಪಿನ ಕೈ ತಾಗಿರುತ್ತೆ. ಮಕ್ಕಳಿರೋ ನೀರಿಗೆ ಅದನ್ನ ಹಾಕ್ತಾರೇನೇ?”

ಅವರು ಮಧ್ಯಾಹ್ನ ಊಟ ಮಾಡಿದ ಲಕ್ಷಣವೇ ಕಾಣಲಿಲ್ಲ. ಕರೆಂಟ್ ಇನ್ನೂ ಬಂದಿರಲಿಲ್ಲ.

“ಸಾಕಾಯ್ತಮ್ಮ, ತಗೋ. ಇನ್ನು ನೀನು ಹುಯ್ಯಿ,” ಎಂದು ಚೊಂಬನ್ನು ನನ್ನ ಕೈಗೆ ಕೊಟ್ಟರು.