ಹನ್ನೊಂದು ಪೆಟ್ಟಿಗೆಯ ಒಂದು ಫೈರ್‌ವಾಲ್

ಗುರುಗ್ರಾಮದ ಒಂದು ಕಂಪನಿಯ ಡೇಟಾ ಸೆಂಟರಿನಲ್ಲಿ ನೆಟ್‌ವರ್ಕಿನ ಹಳೆಯ ಫೈರ್‌ವಾಲನ್ನು ಆಗಲೇ ಬಿಚ್ಚಿಟ್ಟಿದ್ದರು. ಆ ಭಾನುವಾರ ಮುಗಿಯುವುದರೊಳಗೆ, ಅಳವಡಿಸಲು ಬಂದಿದ್ದ ಎಂಜಿನಿಯರುಗಳಾದ ನಾವು ಹೊಸದನ್ನು ಕೂರಿಸದಿದ್ದರೆ ಸೋಮವಾರ ಇಡೀ ಕಂಪನಿಯ ಕೆಲಸ ನಿಲ್ಲುತ್ತಿತ್ತು. ನಮ್ಮ ಟೆಂಪೊ ಮಾತ್ರ ಗೇಟಿನಲ್ಲೇ ನಿಂತಿತು.

ಸೆಕ್ಯುರಿಟಿ ಗಾರ್ಡ್ ಯಾದವ್‌ಜಿ ಗೇಟ್‌ಪಾಸ್ ಓದಿದರು. "ಫೈರ್‌ವಾಲ್, ಒಂದು ಅಂತ ಬರೆದಿದೆ. ಪೆಟ್ಟಿಗೆ ಹನ್ನೊಂದು ಇವೆಯಲ್ಲ, ಸರ್?"

"ಎಲ್ಲ ಸೇರಿದರೆ ಒಂದೇ ಭಯ್ಯಾ. ಆ ದೊಡ್ಡದು ಕಬ್ಬಿಣದ ಗೂಡು, ಉಳಿದದ್ದೆಲ್ಲ ಅದರೊಳಗೆ ಕೂರುವ ಕಾರ್ಡುಗಳು, ಭಾಗಗಳು" ಎಂದೆ.

"ಹಾಗಾದರೆ ಸೇರಿಸಿಯೇ ತನ್ನಿ."

ಪಾಸ್ ಬರೆದ ಅಧಿಕಾರಿ ಫೋನ್ ಎತ್ತಲಿಲ್ಲ. ಬೇರೆ ದಾರಿ ಕಾಣದೆ ನಾನೂ ಸಹೋದ್ಯೋಗಿ ಸಲೀಮನೂ ಫುಟ್‌ಪಾತಿನಲ್ಲೇ ಗೂಡನ್ನು ಟ್ರಾಲಿ ಮೇಲಿಟ್ಟು ಒಂದೊಂದೇ ಕಾರ್ಡು ತುಂಬಿದೆವು. ಚಾಟ್ ಮಾರುವವನು ಬಂದು ಇದು ಎಷ್ಟು ಟನ್ನಿನ ಎಸಿ ಎಂದು ವಿಚಾರಿಸಿದ. ಬಿಸಿಲಿಗೆ ಯಾದವ್‌ಜಿಯೇ ನಮಗೆ ಕೊಡೆ ಹಿಡಿದರು. ಕೊನೆಯ ಕಾರ್ಡು ಕೂತಾಗ, "ಅಚ್ಛಾ, ಈಗ ಒಂದಾಯಿತು" ಎಂದು ಗೇಟು ತೆರೆದರು.

ಆ ಭಾರಕ್ಕೆ ಟ್ರಾಲಿ ರ‍್ಯಾಂಪ್ ಹತ್ತಲಿಲ್ಲ. ಗೇಟಿನಿಂದ ಹತ್ತು ಹೆಜ್ಜೆ ಒಳಗೆ, ತುಂಬಿದ್ದನ್ನೆಲ್ಲ ಮತ್ತೆ ಹೊರಗೆಳೆದೆವು. ಯಾದವ್‌ಜಿ ತಕರಾರು ಮಾಡಲಿಲ್ಲ. ಗೇಟು ದಾಟಿದ ಮೇಲಿನದು ಅವರ ಡ್ಯೂಟಿ ಅಲ್ಲ.

"ಈ ಯಂತ್ರ ಮಾಡುವುದಾದರೂ ಏನು?" ಎಂದು ಕೇಳಿದರು.

"ಬಾಗಿಲಲ್ಲಿ ನಿಂತು, ಒಳಗೆ ಬರುವ ಪ್ರತಿಯೊಂದನ್ನೂ ತಪಾಸಣೆ ಮಾಡುತ್ತೆ."

"ಎಷ್ಟು ಗಂಟೆ ಶಿಫ್ಟು?"

"ಇಪ್ಪತ್ನಾಲ್ಕೂ ಗಂಟೆ. ರಜೆ ಇಲ್ಲ."

"ಬೇಚಾರಾ, ಪಾಪ" ಎಂದವರೇ ಕರವಸ್ತ್ರ ತೆಗೆದು ಅದರ ಮೈಮೇಲಿನ ಧೂಳು ಒರೆಸಿದರು.

ಸಂಜೆ ಏಳಕ್ಕೆ ನೆಟ್‌ವರ್ಕ್ ಮತ್ತೆ ಶುರುವಾಯಿತು. ನಮ್ಮ ರಜೆಯ ಭಾನುವಾರವೂ ಹೋಗಿತ್ತು. ನಮ್ಮನ್ನು ಮಾತ್ರ ಯಾರೂ ಬೇಚಾರಾ ಅನ್ನಲಿಲ್ಲ.